ಫಾರ್ಮಿನ ಹಾಡು, ಫೋನಿನ ಹಾಡು

ಆ ಹುಡುಗ ನಮ್ಮ ಓದುಗರ ಸಮೀಕ್ಷೆಯ ಫಾರ್ಮಿನಲ್ಲಿ, ಇಷ್ಟದ ಸಂಗೀತ ಯಾವುದೆಂಬಲ್ಲಿ ಬರೆದಿದ್ದು ‘ಶಾಸ್ತ್ರೀಯ ಸಂಗೀತ, ಭಾವಗೀತೆ’ ಎಂದು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದವನು, ಸಂಜೆ ಚಹಾಕ್ಕೆ ಬಂದಿದ್ದ. ಫಾರ್ಮನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಸುಮ್ಮನೆ ಕೇಳಿದೆ: ‘ನಿನ್ನೆ ಮಲಗೂ ಮುಂದ ಕಡೀಗೆ ಯಾವ ಹಾಡು ಕೇಳ್ದಿ, ತಮ್ಮಾ?’ ಫೋನ್ ತೆಗೆದವನು ಒಂದು ಗಳಿಗೆ ನೋಡಿ, ಪರದೆಯ ಮೇಲೆ ಅಂಗೈ ಮುಚ್ಚಿದ. ‘ಅಕ್ಕಾರ, ಅದನ್ನ ಬರಕೋಬ್ಯಾಡ್ರಿ. ಅವು ನಮ್ಮ ಊರಾಗ ಟ್ರ್ಯಾಕ್ಟರ್‌ನ್ಯಾಗ ಹಚ್ಚೂ ಹಾಡು. ನೀವು ಸಂಗೀತದ್ದು ಕೇಳಾಕತ್ತೀರಿ.’

ನಮ್ಮ ಪತ್ರಿಕೆ ನಿಜವಾಗಿ ಶುರುವಾಗಿದ್ದು ಆ ಮುಚ್ಚಿದ ಅಂಗೈಯಿಂದ.

ಪತ್ರಿಕೋದ್ಯಮ ಎಂ.ಎ.ಯ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿದ್ಯಾರ್ಥಿಗಳಿಗಾಗಿಯೇ ಒಂದು ಸಂಗೀತ ಪತ್ರಿಕೆ ಮಾಡುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ಸಣ್ಣವಳಿದ್ದಾಗ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳೊಬ್ಬರ ಹತ್ತಿರ ನಾಲ್ಕು ವರ್ಷ ಹಾರ್ಮೋನಿಯಂ ಕಲಿತಿದ್ದೆ. ಹೀಗಾಗಿ ಪತ್ರಿಕೆ ತಲೆಯೊಳಗೆ ಆಗಲೇ ಸಿದ್ಧವಿತ್ತು. ಮುಖಪುಟಕ್ಕೆ ತಂಬೂರಿ, ಒಳಗೆ ಕಿರಾಣಾ ಮತ್ತು ಜೈಪುರ ಘರಾಣೆಗಳೆಂಬ ಹಿಂದುಸ್ತಾನಿ ಗಾಯನ ಪರಂಪರೆಗಳ ಮೇಲೆ ದೊಡ್ಡ ಲೇಖನ, ಕೊನೆಗೆ ಒಂದೆರಡು ಪುಟ ‘ಇತರೆ’. ಓದುಗರ ಸಮೀಕ್ಷೆ ಎಂದರೆ ಈ ಯೋಜನೆಗೊಂದು ಒಪ್ಪಿಗೆಯ ಮುದ್ರೆ ಎಂದೇ ತಿಳಿದಿದ್ದೆ. ಮೊದಲ ಫಾರ್ಮಿನ ಮೊದಲ ಪ್ರಶ್ನೆಯೇ ‘ಒಳ್ಳೆಯ ಸಂಗೀತ ಪತ್ರಿಕೆ ಬಂದರೆ ಓದುತ್ತೀರಾ?’ ಎಂದಿತ್ತು. ಎಲ್ಲರೂ ‘ಹೌದು’ ಎಂದೇ ಬರೆದರು. ಎಲ್ಲರೂ ಹೌದೆನ್ನುವ ಪ್ರಶ್ನೆಯಿಂದ ತಿಳಿಯುವುದು ಏನೂ ಇಲ್ಲ. ಇಷ್ಟದ ಸಂಗೀತದ ಪಟ್ಟಿಯಲ್ಲಿ ಶಾಸ್ತ್ರೀಯವನ್ನು ಮೊದಲಿಟ್ಟು ಸಿನಿಮಾ ಹಾಡನ್ನು ಕೊನೆಗೆ ತಳ್ಳಿದ್ದೆ. ಫಾರ್ಮ್ ಹಿಡಿದವರಿಗೆ ‘ಸರಿಯಾದ ಉತ್ತರ’ ಯಾವುದೆಂದು ನಾನೇ ಹೇಳಿಕೊಟ್ಟಂತಾಗಿತ್ತು. ಅವರು ವೈವಾ ಪರೀಕ್ಷೆಗೆ ಕೂತವರಂತೆ ಉತ್ತರಿಸಿದ್ದರು.

ಆ ಫಾರ್ಮುಗಳನ್ನೆಲ್ಲ ಕಟ್ಟಿ ಬದಿಗಿಟ್ಟೆ. ಎರಡನೇ ಸುತ್ತಿಗೆ ಫಾರ್ಮೇ ಬೇಡವೆಂದು ತೀರ್ಮಾನಿಸಿದೆ. ನಾನು, ನನ್ನ ಗೆಳತಿ, ಜೂನಿಯರ್ ಹುಡುಗನೊಬ್ಬ, ಮೂವರೂ ಮೂರು ವಾರ ತಿರುಗಿದೆವು: ಹಾಸ್ಟೆಲ್ ಮೆಸ್ಸು, ಲೈಬ್ರರಿಯ ಹೊರಗಿನ ಕಟ್ಟೆ, ಸಂಗೀತ ಕಲಿಯುವವರ ತರಗತಿಯ ಪಡಸಾಲೆ, ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸು. ಕೇಳುತ್ತಿದ್ದುದು ಆಗಿಹೋದ ಸಂಗತಿಗಳನ್ನು ಮಾತ್ರ. ಕಡೆಯ ಸಲ ಕೇಳಿದ ಐದು ಹಾಡು ಯಾವುವು? ಎಲ್ಲಿ ಕೂತು ಕೇಳಿದಿರಿ? ಯಾರಿಗೆ ಕಳಿಸಿದಿರಿ? ರೊಕ್ಕ ಕೊಟ್ಟು ತಂದ ಕೊನೆಯ ಪತ್ರಿಕೆ ಯಾವುದು? ಮುಂದೆ ಏನು ಮಾಡುತ್ತೀರೆಂದು ಕೇಳಿದರೆ ಜನ ಒಳ್ಳೆಯದನ್ನೇ ಹೇಳುತ್ತಾರೆ. ನಿನ್ನೆ ಏನು ಮಾಡಿದಿರೆಂದು ಕೇಳಿದರೆ ನಿನ್ನೆಯದನ್ನೇ ಹೇಳಬೇಕಾಗುತ್ತದೆ.

ಆದರೂ ಫೋನ್ ತೆಗೆಯಲು ಹಿಂಜರಿಕೆ ಇದ್ದೇ ಇತ್ತು. ಅದಕ್ಕೆ ದಾರಿ ತೋರಿಸಿದವಳು ಗೆಳತಿ. ‘ಮೊದಲ ನಿಂದು ಓದಿ ಹೇಳು’ ಎಂದಳು. ಅಲ್ಲಿಂದ ಮುಂದೆ ಪ್ರತಿಯೊಬ್ಬರ ಎದುರೂ ನನ್ನ ಫೋನ್ ತೆರೆದು ನನ್ನ ಐದು ಹಾಡುಗಳನ್ನು ಮೊದಲು ಓದುತ್ತಿದ್ದೆ. ಅದರಲ್ಲಿ ಜಾತ್ರೆಯ ಡೊಳ್ಳಿನ ಪದವೂ ಇತ್ತು, ಯಮನ್ ರಾಗದ ಪಾಠವೂ ಇತ್ತು, ಹಳೆಯ ಸಿನಿಮಾದ ದುಃಖದ ಹಾಡೂ ಇತ್ತು. ಅಷ್ಟು ಕೇಳಿದ ಮೇಲೆ ಅವರ ಭುಜ ಸಡಿಲಾಗುತ್ತಿತ್ತು. ಇಡೀ ಅಧ್ಯಯನದಲ್ಲಿ ನಾನು ಕಲಿತ ಅತಿ ಮುಖ್ಯವಾದ ಕೆಲಸ ಇದೇ ಎಂದು ಈಗಲೂ ನಂಬಿದ್ದೇನೆ. ಮಾತಿನ ನಡುವೆ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಎದ್ದು ಬಂದ ಮೇಲೆ ಹತ್ತು ನಿಮಿಷದೊಳಗೆ, ಅವರಾಡಿದ ಮಾತನ್ನು ಅವರದೇ ಮಾತಿನಲ್ಲಿ ಬರೆಯುತ್ತಿದ್ದೆವು.

ಟ್ರ್ಯಾಕ್ಟರ್ ಹಾಡು ಮುಚ್ಚಿಟ್ಟವನು ಒಬ್ಬನೇ ಆಗಿರಲಿಲ್ಲ. ಯೂಟ್ಯೂಬಿನಲ್ಲಿ ನಮ್ಮ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳನ್ನು ದಿನಾ ಕೇಳುವ ಎಷ್ಟೋ ಹುಡುಗರು ಅದನ್ನು ‘ಸಂಗೀತ’ ಎನ್ನಲು ಒಪ್ಪಲಿಲ್ಲ. ಇನ್ನೊಂದು ಕಡೆ, ಆರು ವರ್ಷದಿಂದ ಹಿಂದುಸ್ತಾನಿ ಗಾಯನದ ಖ್ಯಾಲ್ ಪ್ರಕಾರ ಕಲಿಯುತ್ತಿದ್ದ ಹುಡುಗಿ ತಾನು ಕನ್ನಡ ರ‍್ಯಾಪ್ ಕೇಳುವುದನ್ನು ತನ್ನ ಗುರುಗಳಿಗೆ ತಿಳಿಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಮುಚ್ಚಿಡುವುದು ಎರಡೂ ಕಡೆ ನಡೆದಿತ್ತು. ಧಾರವಾಡದ ಮಲ್ಲಿಕಾರ್ಜುನ ಮನಸೂರ ಕಲಾಭವನಕ್ಕೆ ಕಾರ್ಯಕ್ರಮಗಳಿಗೆ ಹೋಗಿಬಂದ ಹುಡುಗರಿಗೆ ಹಿಂದುಸ್ತಾನಿ ಗಾಯಕ ಮನಸೂರರ ಹೆಸರು ಗೊತ್ತಿತ್ತು, ದನಿ ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಅವರ ಮುಖದಲ್ಲಿ ಬೇಸರವಿತ್ತೇ ಹೊರತು ಅಸಡ್ಡೆ ಇರಲಿಲ್ಲ.

ನಾವು ಹುಡುಕದೆಯೇ ಸಿಕ್ಕಿದ್ದು ನೋಟ್‌ಬುಕ್ಕುಗಳು. ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ಅರ್ಥಶಾಸ್ತ್ರದ ನೋಟ್ಸ್ ತೋರಿಸುತ್ತ ಹಿಂದಿನ ಪುಟಕ್ಕೆ ಬಂದಾಗ, ಅಲ್ಲಿ ಕೈಯಾರೆ ಬರೆದ ಹಾಡುಗಳ ಸಾಹಿತ್ಯವಿತ್ತು. ಪಲ್ಲವಿಗೆ ಕೆಂಪು ಶಾಯಿ, ಚರಣಕ್ಕೆ ನೀಲಿ. ಆಮೇಲೆ ಕೇಳಿ ನೋಡಿದರೆ, ಬಹಳ ಜನರ ಹತ್ತಿರ ಇಂಥ ಹಿಂದಿನ ಪುಟಗಳಿದ್ದವು. ಫೋನಿನಲ್ಲಿ ಎಲ್ಲ ಸಿಗುವಾಗ ಬರೆಯುವುದೇಕೆ ಎಂದರೆ, ‘ಬರದ್ರ ಹಾಡು ನಮ್ದಾಗತೈತ್ರಿ’ ಎಂದಳು ಒಬ್ಬಳು. ಕಾಗದದ ಮೇಲೆ ಪತ್ರಿಕೆ ಮಾಡಲು ಕಾರಣ ಬೇಕಿದ್ದ ನನಗೆ ಆ ಮಾತು ಸಾಕಾಯಿತು.

ಹೆಸರೂ ಟಿಪ್ಪಣಿಗಳಿಂದಲೇ ಬಂತು. ನಾನು ಯೋಚಿಸಿದ್ದ ‘ನಾದ’, ‘ಸ್ವರ’, ‘ಗಾನ’ ಕೂಡಿದ ಹೆಸರುಗಳನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿದಾಗ ಹುಡುಗರು ‘ಗುಡಿಯ ಸ್ಮರಣ ಸಂಚಿಕೆ ಇದ್ದಂಗೈತ್ರಿ’ ಎಂದರು. ಟಿಪ್ಪಣಿಗಳನ್ನು ಮತ್ತೆ ಓದಿದೆವು. ಒಂದು ಮಾತು ಮತ್ತೆ ಮತ್ತೆ ಬಂದಿತ್ತು: ‘ಹಾಡಾಕ ಬರಂಗಿಲ್ರಿ, ಸುಮ್ನ ಗುನುಗ್ತೀನಿ.’ ಖ್ಯಾಲ್ ಕಲಿಯುವವಳೂ, ಟ್ರ್ಯಾಕ್ಟರ್ ಹಾಡಿನವನೂ ಇಬ್ಬರೂ ಹೇಳಿದ್ದರು. ಪತ್ರಿಕೆಯ ಹೆಸರು ‘ಗುನುಗು’ ಆಯಿತು. ಅಕ್ಷರ ಜೋಡಿಸುವವರಿಗೆ ಈ ಹೆಸರು ಒಂದು ವರ. ಒತ್ತಕ್ಷರವಿಲ್ಲದ್ದರಿಂದ ಕೆಳಗೆ ಜಾಗ ಬೇಡ, ಮೂರೂ ಅಕ್ಷರಕ್ಕೆ ಒಂದೇ ಕೊಂಬು, ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಶಬ್ದ. ಮೂರು ಕೊಂಬುಗಳನ್ನು ತುಸು ಉದ್ದ ಎಳೆದು, ಒಂದೇ ಅಲೆ ಮೂರು ಸಲ ಏಳುವಂತೆ ಕೈಯಲ್ಲೇ ಬರೆದೆ.

ಗಾತ್ರ ಗೊತ್ತುಮಾಡಲು ಮೂರು ಅಳತೆಯ ಖಾಲಿ ಹಾಳೆಯ ಡಮ್ಮಿಗಳನ್ನು, ಅಂದರೆ ಮಾದರಿ ಪ್ರತಿಗಳನ್ನು, ಹುಡುಗರ ಕೈಗೆ ಕೊಟ್ಟು, ಅವರು ಅದನ್ನು ಎಲ್ಲಿಡುತ್ತಾರೆಂದು ನೋಡಿದೆವು. ವಾರಪತ್ರಿಕೆಯಷ್ಟು ದೊಡ್ಡದು ಬ್ಯಾಗಿನಲ್ಲಿ ಮಡಚಿಹೋಯಿತು. ಡೆಮಿ 1/8, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯದು, ನೋಟ್‌ಬುಕ್ಕಿನೊಳಗೆ ಸೇರಿಕೊಂಡಿತು. 32 ಪುಟ, ಎರಡು ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟಿಗೆ ಅಚ್ಚಿನವರ ಹೆಸರು), ನಡುವೆ ಪಿನ್. ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಒಂದೇ ಬಣ್ಣ. ಬಣ್ಣ ಮುಖಪುಟಕ್ಕೆ ಮಾತ್ರ.

ಒಳಗೇನಿರಬೇಕೆಂಬುದನ್ನು ಆ ನೋಟ್‌ಬುಕ್ಕುಗಳೇ ಹೇಳಿದ್ದವು: ಸಾಹಿತ್ಯ ಬೇಕು, ಜೊತೆಗೆ ಹಾರ್ಮೋನಿಯಂ ಮೇಲೆ ನುಡಿಸಲು ಸ್ವರ ಬೇಕು. ಸಿನಿಮಾ ಹಾಡಿನ ಸಾಹಿತ್ಯವನ್ನು ಹಕ್ಕುದಾರರ ಒಪ್ಪಿಗೆ ಇಲ್ಲದೆ ಅಚ್ಚು ಹಾಕುವಂತಿಲ್ಲ. ಹಾಗಾದರೆ ಭಜನಿ ಮೇಳದವನೂ, ಡಿಜೆ ಹುಡುಗನೂ, ಸಿ. ಅಶ್ವತ್ಥರ ದನಿಗೆ ಸೋತವಳೂ, ಖ್ಯಾಲ್ ಕಲಿಯುವವಳೂ ನನ್ನದೆಂದು ಹಿಡಿದುಕೊಳ್ಳುವ ಹಾಡು ಯಾವುದು? ನಮ್ಮ ಮೂವರಿಗೂ ಒಟ್ಟಿಗೇ ಹೊಳೆದದ್ದು ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಪದಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಡುವಿನ 16, 17ನೇ ಪುಟಗಳು ಅವರಿಗೆ ಮೀಸಲಾದವು. ಪಿನ್ ಹೊಡೆದ ಪತ್ರಿಕೆಯಲ್ಲಿ ಎರಡು ಪುಟ ಒಂದೇ ಅಖಂಡ ಹಾಳೆಯ ಮೇಲೆ ಅಗಲವಾಗಿ ತೆರೆದುಕೊಳ್ಳುವುದು ಅಲ್ಲೊಂದೇ ಕಡೆ. ಬಿಡಿಸಿ ತೆಗೆದರೆ ಗೋಡೆಗೆ ಅಂಟಿಸಬಹುದು, ಹಾರ್ಮೋನಿಯಂ ಮೇಲೆ ಇಟ್ಟುಕೊಳ್ಳಬಹುದು.

ನಾನು ಅತಿ ಹೆಚ್ಚು ರಾತ್ರಿ ಕಳೆದದ್ದು ಆ ಎರಡು ಪುಟದ ಮೇಲೆ. ಹಿಂದುಸ್ತಾನಿ ಸ್ವರಗಳನ್ನು ಬರೆಯುವ ಭಾತಖಂಡೆ ಪದ್ಧತಿಯಲ್ಲಿ ಮಂದ್ರ ಸ್ವರಕ್ಕೆ ಕೆಳಗೆ ಚುಕ್ಕಿ, ತಾರ ಸ್ವರಕ್ಕೆ ಮೇಲೆ ಚುಕ್ಕಿ, ಕೋಮಲ ಸ್ವರಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೊಂದು ನೆಟ್ಟನೆ ಗೆರೆ. ದೇವನಾಗರಿಯಲ್ಲಿ ಇದು ಸಲೀಸು. ಕನ್ನಡದಲ್ಲಿ ಕೋಮಲ ಧೈವತಕ್ಕೆ ಅಡಿಗೆರೆ ಎಳೆದೊಡನೆ, ‘ಧ’ದ ಕೆಳಗಿರುವ ಮಹಾಪ್ರಾಣದ ಸಣ್ಣ ಸೀಳು ಆ ಗೆರೆಯಲ್ಲಿ ಕರಗಿ ಅದು ‘ದ’ ಆಗಿಬಿಡುತ್ತಿತ್ತು. ‘ರಿ’, ‘ನಿ’ಗಳ ನೆತ್ತಿಯ ಮೇಲಿನ ಚುಕ್ಕಿ ಗುಡಿಸಿಗೆ ತಗಲುತ್ತಿತ್ತು. ಕೊನೆಗೆ ಅಡಿಗೆರೆಯನ್ನು ಅಕ್ಷರದಿಂದ ಸಾಕಷ್ಟು ಕೆಳಗಿಳಿಸಿ, ತೆಳ್ಳಗೆ ಮಾಡಿ, ಒಂದೊಂದು ಸ್ವರಕ್ಕೂ ಬೇರೆಯಾಗಿ ಕೈಯಿಂದ ಎಳೆದೆ. ಸಂಗೀತ ಕಲಿಯುವ ಮೂವರಿಗೆ ಕೊಟ್ಟು ನುಡಿಸಲು ಹೇಳಿದೆ. ಅವರು ತಡವರಿಸಿದ ಜಾಗದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡು ಮತ್ತೆ ತಿದ್ದಿದೆ.

ಅಕ್ಷರದ ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಲೇಖನ ಕೊಟ್ಟವರು ಕೆಲವರು ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ, ಕೆಲವರು ಯೂನಿಕೋಡಿನಲ್ಲಿ ಕಳಿಸಿದ್ದರು. ಪರಿವರ್ತಿಸಿದಾಗ ಅರ್ಕಾವೊತ್ತುಗಳು ಜಾಗ ಬಿಟ್ಟು ಹಾರಿದವು. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತವೆ. ಸಾಲಿನ ಅಂತರವನ್ನು ಹಾಸ್ಟೆಲಿನ ಟ್ಯೂಬ್‌ಲೈಟಿನಡಿ ಓದಿಸಿ ಗೊತ್ತುಮಾಡಿದೆವು. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಅಂತರ ಕೊಟ್ಟಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಮುಟ್ಟುವುದು ನಿಂತಿತು.

ಘರಾಣೆಯ ಮೇಲಿನ ನನ್ನ ದೊಡ್ಡ ಲೇಖನ ಬಿದ್ದುಹೋಯಿತು. ನನಗೆ ಸಂಕಟವಾಯಿತು, ಆದರೆ ಬಿಟ್ಟದ್ದೇ ಸರಿ. ಮೂರು-ನಾಲ್ಕು ನಿಮಿಷದ ಹಾಡಿಗೆ ಒಗ್ಗಿದ ಕಿವಿಗೆ ಒಂದು ತಾಸಿನ ಖ್ಯಾಲನ್ನು ಓದಿಸಿ ಒಳಗೆ ಕರೆತರಲಾಗದು. ಬಾಗಿಲು ಸಿಕ್ಕಿದ್ದು ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ. ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ ದೊಡ್ಡ ಗಾಯಕರೂ ರಾಗವನ್ನು ಅಷ್ಟರಲ್ಲೇ ಅಡಕ ಮಾಡಿ ಹಾಡಬೇಕಿತ್ತು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಕೊಟ್ಟ ತಟ್ಟೆಗಳಲ್ಲಿ ಕಂಠ ತೆಳುವಾಗಿ, ಎತ್ತರದಲ್ಲಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ನಾವೆಲ್ಲ ಬಲ್ಲ ಗಂಭೀರ ದನಿಯಾಯಿತು. ‘ಒಬ್ಬರೇ, ಎರಡು ಕಂಠ’ ಎಂದು ಒಂದು ಪುಟ ಮಾಡಿ ಎರಡೂ ಕಾಲದ ದನಿಗೆ ಕ್ಯೂಆರ್ ಕೊಟ್ಟೆವು. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ 60 ವರ್ಷದವರೆಗೆ ಮಾತ್ರ ಇರುವುದರಿಂದ ಆ ಹಳೆಯ ತಟ್ಟೆಗಳ ಬಗ್ಗೆ ಆತಂಕವಿರಲಿಲ್ಲ. ಕ್ಯೂಆರ್ ಗುರುತು ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು, ಬಿಳಿಯ ಮೇಲೇ ಇರಬೇಕು ಎಂಬುದನ್ನು ಹಳೆಯ ಫೋನುಗಳಲ್ಲಿ ಹಿಡಿದು ನೋಡಿ ಕಲಿತೆವು. ಅದರ ಎದುರಿನ ಪುಟದಲ್ಲಿ, ಜಾತ್ರೆಯ ಟ್ರ್ಯಾಕ್ಟರಿಗೆ ಸ್ಪೀಕರ್ ಕಟ್ಟುವ ಹುಡುಗನೊಬ್ಬ ತನ್ನ ಕೆಲಸದ ಬಗ್ಗೆ ಹೇಳಿದ ಮಾತುಗಳು. ಎರಡಕ್ಕೂ ಒಂದೇ ಅಳತೆಯ ಶೀರ್ಷಿಕೆ, ಒಂದೇ ಅಕ್ಷರ, ಒಂದೇ ಅಳತೆಯ ಚಿತ್ರ. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಪುಟದಲ್ಲಿ ಒಂದನ್ನು ದೊಡ್ಡದು, ಇನ್ನೊಂದನ್ನು ಸಣ್ಣದು ಮಾಡಿದ್ದರೆ ಆ ಅಂಗೈ ಮತ್ತೆ ಪರದೆ ಮುಚ್ಚುತ್ತಿತ್ತು.

ಮುಖಪುಟಕ್ಕೆ ಮೂರು ಕರಡು ಮಾಡಿ ಕ್ಯಾಂಟೀನಿನ ಮೇಜಿನ ಮೇಲೆ ಬೇರೆ ಪತ್ರಿಕೆಗಳ ನಡುವೆ ಇಟ್ಟು, ದೂರ ಕೂತು ನೋಡಿದೆವು. ತಂಬೂರಿಯ ಚಿತ್ರವನ್ನು ಯಾರೂ ಎತ್ತಲಿಲ್ಲ. ಕೈ ಹೋಗಿದ್ದು ಹಾಸ್ಟೆಲ್ ಮಂಚದ ಮೇಲೆ ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡ ಚಿತ್ರಕ್ಕೆ.

ಅಚ್ಚಿಗೆ ಹೋದದ್ದು ಗದುಗಿಗೆ. ಮುದ್ರಣಕ್ಕೆ ಹೆಸರಾದ ಊರು, ನಮ್ಮೂರಿಗೂ ಹತ್ತಿರ. ಪ್ರೆಸ್ಸಿನ ಕಾಕಾ ಡಮ್ಮಿ ತಿರುವಿ ಹಾಕಿ, ನಡುವಿನ ಹಾಳೆಯನ್ನು ಪಿನ್ನಿನಿಂದ ಬಿಡಿಸಿ ನನ್ನ ಕೈಗಿಟ್ಟರು. ‘ತಂಗಿ, ಇದನ್ನ ಕಿತ್ತಕೊಳ್ಳಾಕ ಇಟ್ಟಿ ಹೌದಿಲ್ಲೊ? ಹಿಂದ ನೋಡು.’ ಹಿಂದೆ 15 ಮತ್ತು 18ನೇ ಪುಟಗಳಿದ್ದವು. ಸ್ಪೀಕರ್ ಹುಡುಗನ ಮಾತಿನ ಕೊನೆಯ ಭಾಗ 18ರಲ್ಲಿತ್ತು. ಹಾಳೆ ಕಿತ್ತರೆ ಅವನ ಮಾತೂ ಹೋಗುತ್ತಿತ್ತು. ಇಷ್ಟು ಜನರಿಗೆ ಡಮ್ಮಿ ತೋರಿಸಿಯೂ ನಮಗದು ಕಂಡಿರಲಿಲ್ಲ, ಏಕೆಂದರೆ ಡಮ್ಮಿಯ ಹಾಳೆಯನ್ನು ಕಿತ್ತು ನೋಡಲು ಯಾರಿಗೂ ಹೇಳಿರಲಿಲ್ಲ. ಅಲ್ಲೇ ಕೂತು ಮೂರು ಲೇಖನಗಳ ಪುಟ ಸರಿಸಿ, 15ರಲ್ಲಿ ಶರೀಫರ ಆ ಪದದ ಕಠಿಣ ಶಬ್ದಗಳ ಅರ್ಥ ಹಾಕಿದೆ, 18ನ್ನು ಓದುಗರೇ ಬರೆದುಕೊಳ್ಳಲೆಂದು ಗೆರೆ ಹಾಕಿದ ಖಾಲಿ ಪುಟವಾಗಿ ಬಿಟ್ಟೆ.

ಸಂಚಿಕೆ ಹಂಚಿ ಒಂದು ತಿಂಗಳಾದ ಮೇಲೆ, ಯಾವುದನ್ನು ಓದಿದರೆಂದು ಕೇಳುವ ಬದಲು ಪ್ರತಿಗಳು ಎಲ್ಲಿವೆ, ಹೇಗಿವೆ ಎಂದು ನೋಡುತ್ತ ತಿರುಗಿದೆವು. ಲೈಬ್ರರಿಗೆ ಕೊಟ್ಟಿದ್ದ ಎರಡೂ ಪ್ರತಿಗಳಲ್ಲಿ ನಡುವಿನ ಹಾಳೆ ಇರಲಿಲ್ಲ. ಎರಡನೇ ಸಂಚಿಕೆ ಅಚ್ಚಿಗೆ ಕೊಡುವಾಗ ಕಾಕಾಗೆ ಮೊದಲೇ ಹೇಳಿದೆ, ನಡುವಿನ ಹಾಳೆ ಇರುವ ಫಾರಮನ್ನಷ್ಟೇ ನೂರು ಹೆಚ್ಚಿಗೆ ಹೊಡೆಯಿರಿ, ಆ ಹಾಳೆಯನ್ನು ಬಿಡಿಯಾಗಿ ಕತ್ತರಿಸಿ ಕೊಡಿರಿ ಎಂದು.