ಮನೆ ಪಾಲು ಮೊದಲು, ಸಂತೆ ಆಮೇಲೆ: ಗೃಹಲಕ್ಷ್ಮಿ ದುಡ್ಡಲ್ಲಿ ನಾನು ಕೋಳಿ ಸಾಕಿದ್ದು

ಗೃಹಲಕ್ಷ್ಮಿ ಯೋಜನೆ ಶುರುವಾಗಿದ್ದು 2023ರ ಆಗಸ್ಟ್ 30ಕ್ಕೆ, ಮೈಸೂರಿನಲ್ಲಿ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿರುವ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳುತ್ತದೆ. ಶಿರಾ ಕಡೆಯ ನಮ್ಮೂರಲ್ಲಿ ಬಹಳಷ್ಟು ಮನೆಯಲ್ಲಿ ಆ ದುಡ್ಡು ಎಣ್ಣೆ, ಬೇಳೆ, ಮಕ್ಕಳ ಔಷಧಿಗೇ ಆಗುತ್ತದೆ. ಅದು ತಪ್ಪಲ್ಲ, ಅದಕ್ಕೆಂದೇ ಬಂದ ದುಡ್ಡು ಅದು. ನಾನೂ ದೊಡ್ಡ ಪಾಲನ್ನು ಅಡುಗೆಮನೆಗೇ ಹಾಕಿದೆ. ಮಿಕ್ಕಿದ್ದನ್ನು ಕೂಡಿಟ್ಟು ಕೋಳಿ ತಂದೆ.

ಹಸು ಯಾಕಲ್ಲ ಅಂತ ನಮ್ಮ ಮಹಿಳಾ ಸಂಘದಲ್ಲಿ ಎಲ್ಲರೂ ಕೇಳಿದರು. ಹಸುವಿಗೆ ಸಾಲ ಬೇಕು, ಸಾಲ ಅಂದಮೇಲೆ ತಿಂಗಳ ಕಂತು ಕಟ್ಟಬೇಕು. ಗೃಹಲಕ್ಷ್ಮಿ ದುಡ್ಡು ಪ್ರತಿ ತಿಂಗಳೂ ಒಂದೇ ದಿನಕ್ಕೆ ಬರುವುದಿಲ್ಲ, ಅದನ್ನು ನಂಬಿ ಕಂತು ಕಟ್ಟುವುದು ಕಷ್ಟ. ಕೋಳಿಗೆ ಆ ಚಿಂತೆ ಇಲ್ಲ. ದುಡ್ಡು ಬಂದಾಗ ಒಂದು ಹೇಂಟೆ ಕೊಂಡರಾಯಿತು, ಬರದಿದ್ದ ತಿಂಗಳು ಸುಮ್ನೆ ಇದ್ದರಾಯಿತು. ಇನ್ನೊಂದು ಕಾರಣವೂ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ನಾಟಿ ಹೇಂಟೆ ಒಂದು ಸುತ್ತಿಗೆ ಹನ್ನೆರಡು, ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಗಿರಿರಾಜ ತಳಿ ಜಾಸ್ತಿ ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದು ಕಡಿಮೆ. ಹಾಗಾಗಿ ನಾನು ಎರಡನ್ನೂ ಸಾಕುತ್ತೇನೆ. ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡುತ್ತೇನೆ. ಕಾವಿಗೆ ಇಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು, ಬೇಸಿಗೆಯಲ್ಲಿ ಇನ್ನೂ ಹೊಸದಿರಬೇಕು. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಳಗೆ ಕೆಂಪು ನರ ಕಾಣುತ್ತದೆ. ಕಾಣದ್ದನ್ನು ತೆಗೆದುಬಿಡಬೇಕು. ಇಪ್ಪತ್ತೊಂದನೇ ದಿನಕ್ಕೆ ಮರಿ. ಮೇವಿಗೆ ಜಾಸ್ತಿ ಖರ್ಚಿಲ್ಲ. ರಾಗಿ, ಅಕ್ಕಿ ನುಚ್ಚು, ಸೊಪ್ಪಿನ ಚೂರು, ತಿಪ್ಪೆಯ ಹುಳ, ಇಷ್ಟೇ.

ಕೋಳಿ ಸಾಕುವವರನ್ನು ಮುಳುಗಿಸುವುದು ಕೊಕ್ಕರೆ ರೋಗ. ರಾಣಿಖೇತ್ ಅಂತಲೂ ಹೇಳುತ್ತಾರೆ. ಬಂತು ಅಂದರೆ ಒಂದು ವಾರದಲ್ಲಿ ಕೇರಿಯೇ ಖಾಲಿ, ಬಂದಮೇಲೆ ಮದ್ದಿಲ್ಲ. ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ, ಎಂಟು ವಾರದ ಹೊತ್ತಿಗೆ ರೆಕ್ಕೆ ಕೆಳಗೆ ಆರ್‌2ಬಿ ಸೂಜಿ. ತೊಂದರೆ ಏನೆಂದರೆ ಲಸಿಕೆಯ ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ. ಐಸ್‌ನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವವಳು ಒಬ್ಬಳೇ ಹೇಗೆ ತರುತ್ತಾಳೆ? ಅದಕ್ಕೇ ನಮ್ಮ ಕೇರಿಯ ಹೆಂಗಸರು ಸೇರಿ ಒಂದು ದಿನ ಗೊತ್ತುಮಾಡುತ್ತೇವೆ. ಒಬ್ಬರು ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ ತರುತ್ತಾರೆ. ಕೋಳಿ ಗೂಡಿನಿಂದ ಇಳಿಯುವ ಮೊದಲೇ, ಬೆಳಗಿನ ಜಾವ, ಎಲ್ಲರ ಮನೆಯಲ್ಲೂ ಹಾಕಿ ಮುಗಿಸುತ್ತೇವೆ. ನನ್ನ ಕೇಳಿದರೆ ಕೋಳಿ ಕೊಳ್ಳುವ ಮೊದಲು ಲಸಿಕೆಗೆ ಜೊತೆಯಾಗುವ ನಾಲ್ಕು ಮನೆ ಹುಡುಕಿಕೊಳ್ಳಿ.

ಈಗ ಆ ಇನ್ನೊಂದು ಕಾರಣ. ಹಸು ಇರುವ ಎಷ್ಟೋ ಮನೆಯಲ್ಲಿ ಹಾಲೆಲ್ಲ ಡೈರಿಗೆ ಹೋಗುತ್ತದೆ. ಲೀಟರಿನ ದರ, ಅದರ ಮೇಲೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ, ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಮಕ್ಕಳು ಮಾತ್ರ ಹಾಲಿಲ್ಲದ ಟೀ ಕುಡಿಯುತ್ತಾರೆ. ಸಂಪಾದನೆ ಬಂದರೆ ಊಟ ತಾನೇ ಸುಧಾರಿಸುತ್ತದೆ ಅಂತ ದೊಡ್ಡವರು ಹೇಳುತ್ತಾರಲ್ವಾ, ನಾನು ಹಾಗೆ ನೋಡಿಲ್ಲ. ನಾಟಿ ಮೊಟ್ಟೆಗೂ ಸಂತೆಯಲ್ಲಿ ಒಳ್ಳೆ ಬೆಲೆ ಇದೆ. ಕೈ ಬಿಟ್ಟರೆ ಬುಟ್ಟಿ ಪೂರ್ತಿ ಸಂತೆಗೇ ಹೋಗುತ್ತದೆ.

ಅದಕ್ಕೆ ಮೊದಲ ದಿನದಿಂದಲೇ ಎರಡು ಮಂಕರಿ ಇಟ್ಟೆ. ಬೆಳಗ್ಗೆ ಸಿಕ್ಕ ಮೊಟ್ಟೆ ಮೊದಲು ಮನೆ ಮಂಕರಿಗೆ. ಆ ವಾರಕ್ಕೆ ಮನೆಗೆ ಬೇಕಾದಷ್ಟು ತುಂಬಿದ ಮೇಲೆ ಸಂತೆ ಮಂಕರಿಗೆ. ಅತ್ತೆ ಮೊದಮೊದಲು ಒಪ್ಪಲಿಲ್ಲ. "ಹತ್ತು ರೂಪಾಯಿ ಮೊಟ್ಟೆ ನಾವು ತಿನ್ನೋದಾ?" ಅಂದರು. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಜಾಸ್ತಿ ಮಕ್ಕಳಿಗೆ ರಕ್ತ ಕಡಿಮೆ ಅಂತ ಅಂಗನವಾಡಿಯಲ್ಲಿ ಹೇಳಿದ್ದರು. ಅದನ್ನೇ ಅವರಿಗೆ ಹೇಳಿದೆ. "ಚಿಕ್ಕವಳ ಕಣ್ಣು ನೋಡಿ ಅತ್ತೆ, ಎಷ್ಟು ಬಿಳಿಚಿಕೊಂಡಿದೆ" ಅಂದೆ. ಆಮೇಲೆ ಅವರೇ ಬೇಯಿಸಿ ಕೊಡತೊಡಗಿದರು.

ಮೊಟ್ಟೆಯೊಂದರಿಂದಲೇ ರಕ್ತ ಹೆಚ್ಚುವುದಿಲ್ಲ. ಹಿತ್ತಲಿನ ನುಗ್ಗೆ ಸೊಪ್ಪು, ಹುರುಳಿ ಕಾಳು ವಾರದಲ್ಲಿ ಕೆಲವು ದಿನ ಇದ್ದೇ ಇರುತ್ತವೆ, ಮೇಲೆ ನಿಂಬೆಹಣ್ಣು ಹಿಂಡುತ್ತೇನೆ. ಊಟವಾದ ಕೂಡಲೇ ಟೀ ಕುಡಿಯುವುದನ್ನು ಬಿಡಿಸಿದೆ, ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನೂ ನಿಲ್ಲಿಸಿಲ್ಲ.

ಮನೆ ಮಂಕರಿಯಲ್ಲಿ ನನ್ನ ಪಾಲೂ ಇದೆ. ಇದನ್ನು ಒತ್ತಿ ಹೇಳುತ್ತೇನೆ. ದೊಡ್ಡವನಿಗೆ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಸಿಗುತ್ತದೆ, ಚಿಕ್ಕವಳಿಗೆ ಅಂಗನವಾಡಿ ಇದೆ. ಕೊನೆಯಲ್ಲಿ ಉಂಡು, ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ ಅನ್ನುವವಳು ತಾಯಿಯೇ. ರಕ್ತ ಕಡಿಮೆ ಇರುವ ಹೆಂಗಸರೂ ನಮ್ಮಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇದ್ದಾರೆ. ಸಂಘದಲ್ಲಿ ಯಾರೇ ಕೋಳಿ ತಂದರೂ ನಾನು ಮೊದಲು ಕೇಳುವುದು, "ಅಕ್ಕಾ, ಈ ವಾರ ನೀವು ಎಷ್ಟು ಮೊಟ್ಟೆ ತಿಂದ್ರಿ?"

ಸಂತೆಗೆ ಹೋಗುವ ಖರ್ಚಿಲ್ಲ, ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಮೊಟ್ಟೆ ಒಡೆಯದ ಹಾಗೆ ರಾಗಿ ಹೊಟ್ಟಿನಲ್ಲಿ ಹುದುಗಿಸಿ ಒಯ್ಯುತ್ತೇನೆ. ಹುಂಜಗಳನ್ನು ಹಬ್ಬಕ್ಕೆ, ಜಾತ್ರೆಗೆ ಇಟ್ಟುಕೊಂಡರೆ ಒಳ್ಳೆ ರೇಟು ಸಿಗುತ್ತದೆ. ಬಂದ ದುಡ್ಡಲ್ಲಿ ಒಂದಿಷ್ಟು ಸಂಘದ ಉಳಿತಾಯಕ್ಕೆ, ಒಂದಿಷ್ಟು ಬೇಳೆ ಎಣ್ಣೆಗೆ. ಈ ಮಳೆಗಾಲ ಮುಗಿದ ಮೇಲೆ ಗೂಡಿಗೆ ಜಾಲರಿ ಹಾಕಿಸಬೇಕು, ಮುಂಗುಸಿ ಕಾಟ ಜಾಸ್ತಿಯಾಗಿದೆ.