ಸಮ್ಮಿಶ್ರ ಸರ್ಕಾರದ ಪರ ಜನ ಸೇರಿಸುವುದು ಹೇಗೆ? ಕೆನಡಾದ 2008ರ ಡಿಸೆಂಬರ್ ಕಲಿಸಿದ್ದು

ಸಂಸತ್ತಿನಲ್ಲಿ ಬಹುಮತದ ಜಗಳ ಎದ್ದಾಗ ಸರ್ಕಾರ ತೊಲಗಲಿ ಅಂತ ಜನ ಬೀದಿಗೆ ಬರುವುದು ಮಾಮೂಲಿ. ಆದರೆ ಇನ್ನೂ ಪ್ರಮಾಣವಚನವನ್ನೇ ತೆಗೆದುಕೊಳ್ಳದ ಒಂದು ಸಮ್ಮಿಶ್ರ ಸರ್ಕಾರ ಬರಲಿ ಅಂತ ಸಾವಿರಾರು ಜನ ಚಳಿಯಲ್ಲಿ ನಿಲ್ಲುವುದು ಅಪರೂಪ. ಕೆನಡಾದಲ್ಲಿ 2008ರ ಡಿಸೆಂಬರ್‌ನಲ್ಲಿ ಇದು ನಡೆಯಿತು. ಆ ಸಭೆಗಳು ಚೆನ್ನಾಗಿ ನಡೆದವು, ಆದರೆ ಆ ಸರ್ಕಾರ ಬರಲೇ ಇಲ್ಲ. ಏನು ಸರಿಹೋಯಿತು, ಎಲ್ಲಿ ಕೈತಪ್ಪಿತು ಅಂತ ನೋಡಿದರೆ ಇಂಥ ಸಭೆ ಮಾಡುವವರಿಗೆ ಬೇಕಾದ ಪಾಠ ಪೂರ್ತಿ ಅಲ್ಲೇ ಇದೆ. ಟೊರಾಂಟೊ, ಬ್ರಾಂಪ್ಟನ್, ಆಟವಾ ಕಡೆ ಇರುವ ಕನ್ನಡಿಗರಿಗೂ ಮುಂದೆ ಇಂಥ ದಿನ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಡೆದದ್ದೇನು ಅಂತ ಬೇಗ ಹೇಳಿಬಿಡುತ್ತೇನೆ. ಆ ವರ್ಷ ಅಕ್ಟೋಬರ್ 14ರ ಚುನಾವಣೆಯಲ್ಲಿ 308 ಸ್ಥಾನಗಳ ಪೈಕಿ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 143 ಬಂದವು. ಲಿಬರಲ್ 77, ಕೆಬೆಕ್ ಪ್ರಾಂತ್ಯ ಪ್ರತ್ಯೇಕವಾಗಲಿ ಅನ್ನುವ ಬ್ಲಾಕ್ ಕೆಬೆಕ್ವಾ 49, ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಕ್ಷ) 37, ಪಕ್ಷೇತರರು 2. ಬಹುಮತಕ್ಕೆ 155 ಬೇಕಿತ್ತು. ನವೆಂಬರ್ 27ಕ್ಕೆ ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ ಒಂದು ಆರ್ಥಿಕ ಹೇಳಿಕೆ ಮಂಡಿಸಿದರು. ಪಕ್ಷಗಳಿಗೆ ಪ್ರತಿ ಮತಕ್ಕೆ ಸಿಗುತ್ತಿದ್ದ ಸರ್ಕಾರಿ ಹಣ ನಿಲ್ಲಿಸುವುದು, ಕೇಂದ್ರ ಸರ್ಕಾರಿ ನೌಕರರ ಮುಷ್ಕರದ ಹಕ್ಕನ್ನು ಕೆಲವು ವರ್ಷ ಅಮಾನತಿನಲ್ಲಿಡುವುದು ಅದರಲ್ಲಿದ್ದವು. ಜಗತ್ತಿನ ಆರ್ಥಿಕತೆ ಕುಸಿಯುತ್ತಿದ್ದಾಗ ಜನರ ಕೆಲಸ ಉಳಿಸುವ ದೊಡ್ಡ ಯೋಜನೆ ಏನೂ ಇರಲಿಲ್ಲ ಅನ್ನುವುದು ವಿರೋಧ ಪಕ್ಷಗಳ ಸಿಟ್ಟು. ಡಿಸೆಂಬರ್ 1ಕ್ಕೆ ಲಿಬರಲ್ ನಾಯಕ ಸ್ಟೆಫಾನ್ ಡಿಯೋನ್, ಎನ್‌ಡಿಪಿಯ ಜ್ಯಾಕ್ ಲೇಟನ್, ಬ್ಲಾಕ್‌ನ ಜೀಲ್ ಡುಸೆಪ್ ಒಪ್ಪಂದಕ್ಕೆ ಸಹಿ ಹಾಕಿದರು. ಮೊದಲಿನ ಎರಡು ಪಕ್ಷ ಸೇರಿ ಸರ್ಕಾರ, ಬ್ಲಾಕ್ ಹೊರಗಿನಿಂದ 18 ತಿಂಗಳು ಬೆಂಬಲ. ಡಿಸೆಂಬರ್ 8ಕ್ಕೆ ಅವಿಶ್ವಾಸ ಮತ ನಡೆಯಬೇಕಿತ್ತು. ಡಿಸೆಂಬರ್ 4ಕ್ಕೆ ಹಾರ್ಪರ್ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಮಿಕಾಯೆಲ್ ಜಾನ್ ಅವರ ಬಳಿ ಹೋದರು, ಎರಡು ಗಂಟೆಗೂ ಜಾಸ್ತಿ ಒಳಗಿದ್ದರು, ಹೊರಗೆ ಬಂದಾಗ ಅವರು ಕೇಳಿದಂತೆ ಜನವರಿ 26ರವರೆಗೆ ಸಂಸತ್ತಿನ ಅಧಿವೇಶನಕ್ಕೆ ಬೀಗ ಬಿದ್ದಿತ್ತು.

ಈಗ ಕೆಲಸಕ್ಕೆ ಬರೋಣ.

ಬ್ಯಾನರ್ ಬರೆಯುವ ಮೊದಲು ಲೆಕ್ಕ ಕಲಿಯಿರಿ, ಅದೂ ಪ್ರಾಮಾಣಿಕವಾದ ಲೆಕ್ಕ. ಆ ದಿನಗಳಲ್ಲಿ ಮೈತ್ರಿ ಪರ ಇದ್ದವರು ಹೆಚ್ಚಾಗಿ ಹಿಡಿದದ್ದು 62% ಅನ್ನುವ ಅಂಕಿ. ಕನ್ಸರ್ವೇಟಿವ್‌ಗೆ ಸುಮಾರು 38% ಮತ ಬಂದಿತ್ತು, ಮಿಕ್ಕವರೆಲ್ಲ ಅವರಿಗೆ ಹಾಕಲಿಲ್ಲ ಅನ್ನುವ ವಾದ. ಕೂಗಲು ಚೆನ್ನಾಗಿದೆ, ಆದರೆ ಆ 62ರಲ್ಲಿ ಒಂದೂ ಸ್ಥಾನ ಸಿಗದ ಗ್ರೀನ್ ಪಕ್ಷದ ಮತವೂ ಇದೆ, ಅವರು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಎದುರಿನವರು ಇದನ್ನು ಹಿಡಿದುಕೊಂಡರೆ ನೀವು ಉತ್ತರ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ನನ್ನ ಪ್ರಕಾರ ಸರಿಯಾದ ಅಂಕಿ 163. ಅಂದರೆ 77, 37, 49 ಕೂಡಿದರೆ ಬರುವುದು. ಪ್ರಧಾನಿಯನ್ನು ಆರಿಸುವುದು ಸಂಸತ್ತು, 163 ಅನ್ನುವುದು 155ಕ್ಕಿಂತ ಜಾಸ್ತಿ, ಅಷ್ಟೇ ವಾದ. ಇದರಲ್ಲಿ ಬ್ಲಾಕ್‌ನ 49 ಇಲ್ಲದೆ ಲೆಕ್ಕ ಕೂಡುವುದಿಲ್ಲ ಅನ್ನುವುದನ್ನೂ ನೀವೇ ಮೊದಲು ಹೇಳಿಬಿಡಿ. ಮುಚ್ಚಿಟ್ಟರೆ ಅದೇ ನಿಮ್ಮ ವಿರುದ್ಧದ ದೊಡ್ಡ ಸುದ್ದಿಯಾಗುತ್ತದೆ, ಆಗಿದ್ದೂ ಅದೇ.

ಕನ್ನಡಿಗರಿಗೆ ಈ ವಾದ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ ಅಲ್ವಾ, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಲ್ಲ. 2018ರಲ್ಲಿ 104 ಸ್ಥಾನ ಗೆದ್ದು ದೊಡ್ಡ ಪಕ್ಷವಾಗಿದ್ದ ಬಿಜೆಪಿಯ ಯಡಿಯೂರಪ್ಪ ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟು, ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದದ್ದನ್ನು ನಾವು ಟಿವಿಯಲ್ಲಿ ಕೂತು ನೋಡಿದ್ದೇವೆ. ಕೆನಡಾದ ಸ್ನೇಹಿತರಿಗೆ ಸಮ್ಮಿಶ್ರ ಸರ್ಕಾರ ಅಂದರೆ ಏನೋ ಕಳ್ಳತನ ಅನ್ನಿಸಿತ್ತು, ಯಾಕೆಂದರೆ ಕೇಂದ್ರದಲ್ಲಿ ಅವರಿಗೆ ಅದರ ಅಭ್ಯಾಸ ಇರಲಿಲ್ಲ. ನಿಮಗೆ ಇದೆ. ಪಕ್ಕದ ಮನೆಯವರಿಗೆ, ಆಫೀಸಿನವರಿಗೆ ಸಮಾಧಾನದಿಂದ ವಿವರಿಸುವ ಕೆಲಸ ನಿಮ್ಮದು ಅಂತ ಇಟ್ಟುಕೊಳ್ಳಿ.

ಎರಡನೆಯದು, ನೀವು ಮಾತಾಡುತ್ತಿರುವುದು ಯಾರ ಜೊತೆ ಅನ್ನುವುದು. ಸಭೆಗೆ ಬಂದವರ ಜೊತೆ ಅಲ್ಲ, ಅವರು ಆಗಲೇ ಒಪ್ಪಿದವರು. ಹಾರ್ಪರ್ ಜೊತೆಯೂ ಅಲ್ಲ. ‘ನಾವು ಇದಕ್ಕೆ ಮತ ಹಾಕಲಿಲ್ಲವಲ್ಲ’ ಅಂತ ಮನೆಯಲ್ಲಿ ಟಿವಿ ಮುಂದೆ ಕೂತು ಗೊಂದಲದಲ್ಲಿರುವ ಮನುಷ್ಯ ಒಬ್ಬ, ಮತ್ತು ಒಪ್ಪಂದದ ಒಳಗೇ ಇದ್ದು ಹೆದರಿರುವ ಸಂಸದ ಇನ್ನೊಬ್ಬ. 2008ರಲ್ಲಿ ಈ ಎರಡನೆಯವನನ್ನು ಯಾರೂ ಸಾಕಷ್ಟು ಗಮನಿಸಲಿಲ್ಲ. ಸಮೀಕ್ಷೆಗಳು ಕನ್ಸರ್ವೇಟಿವ್ ಕಡೆ ವಾಲುತ್ತಿದ್ದಂತೆ ಲಿಬರಲ್ ಸಂಸದರ ಕೈಕಾಲು ನಡುಗತೊಡಗಿತು. ಹಾಗಾಗಿ ಒಪ್ಪಂದ ಆದ ದಿನವೇ, ದೊಡ್ಡ ಮೈದಾನಕ್ಕೆ ಕಾಯದೆ, ಇಪ್ಪತ್ತು ಮೂವತ್ತು ಜನ ನಿಮ್ಮ ಕ್ಷೇತ್ರದ ಸಂಸದರ ಕಚೇರಿ ಮುಂದೆ ಹೋಗಿ ನಿಲ್ಲಿ, ಒಳಗೆ ಹೋಗಿ ‘ನಾವು ನಿಮ್ಮ ಜೊತೆ ಇದ್ದೇವೆ, ಹಿಂದೆ ಸರಿಯಬೇಡಿ’ ಅಂತ ವಿನಯವಾಗಿ ಹೇಳಿ ಹೆಸರು ಬರೆಸಿ ಬನ್ನಿ. ದೊಡ್ಡ ಸಭೆಗಿಂತ ಇದು ಮುಖ್ಯ ಅಂತ ನಾನು ನಂಬಿದ್ದೇನೆ.

ಇನ್ನು ದೊಡ್ಡ ಸಭೆ. ಟೊರಾಂಟೊದಲ್ಲಿ ಡಿಸೆಂಬರ್ 6, ಶನಿವಾರ, ನೇಥನ್ ಫಿಲಿಪ್ಸ್ ಚೌಕದಲ್ಲಿ ಡಿಯೋನ್ ಮತ್ತು ಲೇಟನ್ ಇಬ್ಬರೂ ಮಾತಾಡಿದರು, ಸಾವಿರಾರು ಜನ ಬಂದಿದ್ದರು. ಜಾಗದ ಆಯ್ಕೆ ಒಳ್ಳೆಯದಿತ್ತು, ನಗರಸಭೆಯ ಕಟ್ಟಡದ ಮುಂದೆಯೇ, ಸಬ್‌ವೇ ಹತ್ತಿರ. ಆದರೆ ಆ ಚೌಕ ನಗರಸಭೆಯದು, ಆಟವಾದಲ್ಲಿ ಪಾರ್ಲಿಮೆಂಟ್ ಹಿಲ್ ಆದರೆ ಅಲ್ಲಿಗೂ ಅರ್ಜಿ ಹಾಕಬೇಕು. ಬಿಕ್ಕಟ್ಟು ದಿನಗಳಲ್ಲಿ ಮುಗಿಯುವ ವಿಷಯ, ಅನುಮತಿಗೆ ಸಮಯ ಹಿಡಿಯುತ್ತದೆ. ಆದ್ದರಿಂದ ಜಾಗದ ಅರ್ಜಿ ಮೊದಲು, ಪೋಸ್ಟರ್ ಆಮೇಲೆ. ಕಾರ್ಮಿಕ ಸಂಘಟನೆಗಳಿಗೆ ಫೋನ್ ಮಾಡಿ, ಮುಷ್ಕರದ ಹಕ್ಕಿಗೇ ಕೈಹಾಕಿದ್ದರಿಂದ ಅವರಿಗೆ ಇದು ಸ್ವಂತ ವಿಷಯವಾಗಿತ್ತು. ಮೈಕ್, ಬಸ್ಸು, ಸ್ವಯಂಸೇವಕರು ಎಲ್ಲ ಅವರ ಬಳಿ ತಯಾರಿರುತ್ತವೆ. ದಿನ ಗೊತ್ತುಮಾಡುವ ಮೊದಲು ಅದು ಯಾವ ದಿನ ಅಂತಲೂ ನೋಡಿ. ಡಿಸೆಂಬರ್ 6 ಅಲ್ಲಿ 1989ರ ಮಾಂಟ್ರಿಯಲ್ ಹತ್ಯಾಕಾಂಡದಲ್ಲಿ ತೀರಿಕೊಂಡ ಹೆಣ್ಣುಮಕ್ಕಳನ್ನು ನೆನೆಯುವ ದಿನ. ಇಂಥ ದಿನ ಸಭೆ ಇಟ್ಟರೆ ಶುರುವಿನಲ್ಲೇ ಮೌನ ನಿಂತು ಆಮೇಲೆ ಮಾತು ಆರಂಭಿಸಿ.

ಚಳಿ ಬಗ್ಗೆ ಸ್ವಲ್ಪ ವಿವರ ಬೇಕು, ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಸಭೆ ಮಾಡಿ ಅಭ್ಯಾಸ ಇರುವವರಿಗೆ ಇದು ತಲೆಗೆ ಬರುವುದಿಲ್ಲ. ಸೊನ್ನೆಗಿಂತ ಕೆಳಗಿದ್ದಾಗ ಸೆಲ್ಲೋಟೇಪ್ ಹಿಡಿಯುವುದಿಲ್ಲ, ಫಲಕ ಕೋಲಿನಿಂದ ಕಿತ್ತುಕೊಂಡು ಬೀಳುತ್ತದೆ. ಮನೆಯಲ್ಲೇ ಸ್ಟೇಪ್ಲರ್ ಹೊಡೆದು ತನ್ನಿ. ನೀರಿಗೆ ಕರಗುವ ಶಾಯಿಯಲ್ಲಿ ಬರೆದರೆ ಹಿಮ ಬಿದ್ದ ಕೂಡಲೇ ಅಕ್ಷರ ಹರಿದುಹೋಗುತ್ತದೆ, ಅಗಲ ತುದಿಯ ಪರ್ಮನೆಂಟ್ ಮಾರ್ಕರ್ ತಗೊಳ್ಳಿ. ಕೈಮೈಕಿನ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದು ಜೊತೆಯನ್ನು ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಡಿ, ಫೋನನ್ನೂ ಅಲ್ಲೇ. ದಪ್ಪ ಕೈಗವಸು ಹಾಕಿಕೊಂಡು ಹಿಡಿಯುವಂಥ ಕೋಲು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಾರ್ಯಕ್ರಮ ಒಂದು ಗಂಟೆ ದಾಟಬಾರದು. ಮಕ್ಕಳು, ವಯಸ್ಸಾದವರು ಬಂದಿರುತ್ತಾರೆ, ಕಾಲು ಮರಗಟ್ಟಿದ ಮೇಲೆ ಯಾವ ಭಾಷಣವೂ ಕಿವಿಗೆ ಹೋಗುವುದಿಲ್ಲ.

ಬಾವುಟದ ವಿಷಯ ಸಣ್ಣದು ಅನ್ನಿಸಬಹುದು, ಅಲ್ಲ. ಬ್ಲಾಕ್ ಪಕ್ಷ ಕೆಬೆಕ್ ಪ್ರತ್ಯೇಕವಾಗಲಿ ಅನ್ನುವ ಪಕ್ಷ, ಅದಕ್ಕಾಗಿ ಇಡೀ ಮೈತ್ರಿಗೆ ದೇಶ ಒಡೆಯುವವರು ಅನ್ನುವ ಪಟ್ಟ ಕಟ್ಟಲಾಯಿತು. ಸಹಿ ಹಾಕುವಾಗ ಕೆನಡಾದ ಬಾವುಟವೇ ಇರಲಿಲ್ಲ ಅನ್ನುವ ಆರೋಪವನ್ನು ಹಾರ್ಪರ್ ಮಾಡಿದರು, ಚಿತ್ರಗಳಲ್ಲಿ ನೋಡಿದರೆ ಬಾವುಟ ಅಲ್ಲೇ ಇತ್ತು. ಆದರೆ ಆರೋಪ ಕೇಳಿದಷ್ಟು ಜನ ಆ ಚಿತ್ರವನ್ನು ಹುಡುಕಿ ನೋಡಿರುವುದಿಲ್ಲ. ಆದ್ದರಿಂದ ನಿಮ್ಮ ಸಭೆಯಲ್ಲಿ ಕೆಂಪು ಮೇಪಲ್ ಎಲೆಯ ಬಾವುಟ ಯಾವ ಕೋನದಿಂದ ಫೋಟೋ ತೆಗೆದರೂ ಕಾಣಬೇಕು. ಪಕ್ಷದ ಬಾವುಟಗಳು ಹಿಂದೆ ಇರಲಿ. ಘೋಷಣೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಲಿ, ಒಂದು ಫಲಕ ಕನ್ನಡದಲ್ಲೂ ಇರಲಿ, ವಲಸೆ ಬಂದವರೂ ಈ ದೇಶದ ಮಾತಿನಲ್ಲಿ ಪಾಲುದಾರರು ಅಂತ ಅದು ಹೇಳುತ್ತದೆ.

ಪೌರತ್ವ ಇಲ್ಲದವರು ಬರಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಮತದಾನ ಪ್ರಜೆಗಳಿಗೆ ಮಾತ್ರ. ಆದರೆ ಕೆನಡಾದ ಹಕ್ಕುಗಳ ಸನ್ನದು ಶಾಂತವಾಗಿ ಸೇರುವ ಸ್ವಾತಂತ್ರ್ಯವನ್ನು ‘ಎಲ್ಲರಿಗೂ’ ಕೊಟ್ಟಿದೆ. ಆದ್ದರಿಂದ ಪಿಆರ್ (ಕಾಯಂ ನಿವಾಸದ ಅನುಮತಿ) ಆಗಲಿ ಕೆಲಸದ ಪರ್ಮಿಟ್ ಆಗಲಿ ಧೈರ್ಯವಾಗಿ ಬನ್ನಿ. ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೆ ಮಾತ್ರ ಒಂದು ಎಚ್ಚರಿಕೆ. ಅಲ್ಲಿ ರಾಜಕೀಯ ಚಟುವಟಿಕೆ ನಿಮ್ಮ ಕೆಲಸದ ನಿಷ್ಪಕ್ಷಪಾತಕ್ಕೆ ಧಕ್ಕೆ ತರಬಾರದು ಅನ್ನುವ ಕಾನೂನಿದೆ. ಹುದ್ದೆ ದೊಡ್ಡದಿದ್ದಷ್ಟೂ ಇದು ಬಿಗಿ. ವೇದಿಕೆ ಹತ್ತುವ ಮೊದಲು ವಿಚಾರಿಸಿಕೊಳ್ಳಿ.

ಭಾಷಣಕಾರರನ್ನು ಆರಿಸುವಾಗ ನಾಯಕರ ಸಂಖ್ಯೆ ಕಡಿಮೆ ಮಾಡಿ. ಕೆಲಸ ಕಳೆದುಕೊಂಡ ಕಾರು ಕಾರ್ಖಾನೆಯವರು ಒಬ್ಬರು, ಸಂವಿಧಾನ ಗೊತ್ತಿರುವ ಮೇಷ್ಟ್ರು ಒಬ್ಬರು, ಅಷ್ಟಾದರೆ ಅರ್ಧ ಗೆದ್ದಂತೆ. ಹಾರ್ಪರ್ ಅವರನ್ನು ಬೈಯುವುದರಲ್ಲಿ ಸಮಯ ಕಳೆಯಬೇಡಿ. ಅದರ ಬದಲು ಒಂದು ದಾಖಲೆ ತೋರಿಸಿ. 2004ರ ಸೆಪ್ಟೆಂಬರ್‌ನಲ್ಲಿ, ಪಾಲ್ ಮಾರ್ಟಿನ್ ಅಲ್ಪಮತದ ಪ್ರಧಾನಿಯಾಗಿದ್ದಾಗ, ಇದೇ ಹಾರ್ಪರ್ ಇದೇ ಲೇಟನ್ ಮತ್ತು ಡುಸೆಪ್ ಜೊತೆ ಸಹಿ ಹಾಕಿ ಅಂದಿನ ಗವರ್ನರ್ ಜನರಲ್ ಏಡ್ರಿಯನ್ ಕ್ಲಾರ್ಕ್‌ಸನ್ ಅವರಿಗೆ ಪತ್ರ ಬರೆದಿದ್ದರು, ಸಂಸತ್ತು ವಿಸರ್ಜಿಸಿ ಅಂತ ಪ್ರಧಾನಿ ಕೇಳಿದರೆ ವಿರೋಧ ಪಕ್ಷದ ನಾಯಕರ ಜೊತೆಗೂ ಮಾತಾಡಿ, ಬೇರೆ ದಾರಿಗಳನ್ನೂ ನೋಡಿ ಅಂತ. ಆ ಪತ್ರದ ಪ್ರತಿ ಮಾಡಿಸಿ ಹಂಚಿ, ಒಂದು ಮಾತು ಹೇಳಿ, ಮುಂದೆ ಹೋಗಿ.

ವಿಡಿಯೋ ಬಗ್ಗೆ ದಯವಿಟ್ಟು ಉದಾಸೀನ ಮಾಡಬೇಡಿ. ಡಿಸೆಂಬರ್ 3ರ ರಾತ್ರಿ ಹಾರ್ಪರ್ ಟಿವಿಯಲ್ಲಿ ದೇಶಕ್ಕೆ ಮಾತಾಡಿದರು. ಆಮೇಲೆ ಡಿಯೋನ್ ಮಾತು ಬರಬೇಕಿತ್ತು. ಅವರ ಟೇಪು ಚಾನೆಲ್‌ಗಳಿಗೆ ತಡವಾಗಿ ಸೇರಿತು, ಬಂದದ್ದೂ ಮಸುಕು ಮಸುಕು. ಒಳ್ಳೆಯ ವಿಷಯ ಇದ್ದರೂ ಮರುದಿನ ಜನ ಮಾತಾಡಿದ್ದು ಆ ಚಿತ್ರದ ಬಗ್ಗೆ. ನಿಮ್ಮಲ್ಲಿ ಒಬ್ಬರಿಗೆ ಅದೊಂದೇ ಕೆಲಸ ವಹಿಸಿ, ಸ್ಟ್ಯಾಂಡ್ ಇಟ್ಟು, ಬೆಳಕು ನೋಡಿ, ಕಾಲರ್ ಮೈಕಿನಲ್ಲಿ ಮಾತು ಹಿಡಿದು, ಸಭೆ ಮುಗಿದ ಅರ್ಧ ಗಂಟೆಯಲ್ಲಿ ಎರಡು ನಿಮಿಷದ ತುಣುಕು ಪತ್ರಕರ್ತರ ಕೈಗೆ ಸೇರುವಂತೆ.

ಎದುರು ಬಣವೂ ಅದೇ ದಿನ ಸಭೆ ಮಾಡುತ್ತದೆ, 2008ರಲ್ಲೂ ಮಾಡಿತು. ಅವರ ಜಾಗಕ್ಕೆ ಹೋಗಬೇಡಿ, ಕೂಗಾಟಕ್ಕೆ ಕೂಗಾಟ ಬೇಡ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯ. ಆ ಶನಿವಾರದ ಸಭೆಗಳು ನಡೆಯುವ ಹೊತ್ತಿಗೆ ಸಂಸತ್ತು ಮುಚ್ಚಿ ಎರಡು ದಿನ ಆಗಿತ್ತು. ಸೋಮವಾರದ ಮತ ಇಲ್ಲವಾಗಿತ್ತು. ಅಷ್ಟು ಜನ, ಅಷ್ಟು ಉತ್ಸಾಹ, ಆದರೆ ಅದನ್ನು ಜನವರಿವರೆಗೆ ಕೊಂಡೊಯ್ಯುವ ಏರ್ಪಾಡು ಇರಲಿಲ್ಲ. ಡಿಸೆಂಬರ್ 8ಕ್ಕೆ ಡಿಯೋನ್ ನಾಯಕತ್ವ ಬಿಡುವುದಾಗಿ ಹೇಳಿದರು, ಎರಡೇ ದಿನಕ್ಕೆ ಲಿಬರಲ್ ನಾಯಕರಾಗಿ ಮೈಕಲ್ ಇಗ್ನಾಟಿಯೆಫ್ ಬಂದರು, ಹಬ್ಬದ ರಜೆ ಬಂತು, ಜನವರಿ 27ರ ಬಜೆಟ್ಟಿಗೆ ಅವರು ಷರತ್ತಿನ ಬೆಂಬಲ ಕೊಟ್ಟರು, ಮೈತ್ರಿ ಅಲ್ಲಿಗೆ ಮುಗಿಯಿತು. ಅಧಿಕಾರದಲ್ಲಿ ಇರುವವರ ಕೈಯಲ್ಲಿ ಯಾವಾಗಲೂ ಸಮಯ ಇರುತ್ತದೆ, ಅವರು ಅದನ್ನು ಬಳಸಿಯೇ ಬಳಸುತ್ತಾರೆ. ಆದ್ದರಿಂದ ಮೊದಲ ಸಭೆಯ ವೇದಿಕೆಯಿಂದಲೇ ಎರಡನೆಯ ಸಭೆಯ ದಿನ, ಜಾಗ ಘೋಷಿಸಿ. ಮತ ಮುಂದಕ್ಕೆ ಹೋದರೆ ಏನು ಮಾಡುವುದು ಅನ್ನುವ ಯೋಜನೆ ಕೈಯಲ್ಲಿರಲಿ. ಮುಂದೆ 2009ರ ಡಿಸೆಂಬರ್ 30ಕ್ಕೆ ಹಾರ್ಪರ್ ಮತ್ತೆ ಸಂಸತ್ತು ಮುಚ್ಚಿಸಿದಾಗ ಜನ ಜಾಣರಾಗಿದ್ದರು. ಫೇಸ್‌ಬುಕ್ ಗುಂಪಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ಸೇರಿದರು, 2010ರ ಜನವರಿ 23ಕ್ಕೆ ಹತ್ತಾರು ಊರುಗಳಲ್ಲಿ ಒಂದೇ ದಿನ ಸಭೆ ನಡೆಯಿತು. ಕೇಳಿದ್ದು ಒಂದೇ ಮಾತು, ಸಂಸದರೇ ಕೆಲಸಕ್ಕೆ ವಾಪಸ್ ಬನ್ನಿ. ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ.

ಸಭೆಯ ದಿನವೇ ಒಂದು ಮೇಜು ಹಾಕಿ, ಪೆನ್ನು, ಕಾಗದ, ಲಕೋಟೆ ಇಡಿ. ಬಂದವರೆಲ್ಲ ತಮ್ಮ ಸಂಸದರಿಗೆ ಕೈಬರಹದಲ್ಲಿ ನಾಲ್ಕು ಸಾಲು ಬರೆಯಲಿ. ಹೌಸ್ ಆಫ್ ಕಾಮನ್ಸ್ ವಿಳಾಸಕ್ಕೆ ಸಂಸದರಿಗೆ ಬರೆಯುವ ಪತ್ರಕ್ಕೆ ಕೆನಡಾದಲ್ಲಿ ಅಂಚೆಚೀಟಿ ಬೇಡ. ಕ್ಷೇತ್ರವಾರು ವಿಂಗಡಿಸಿ ಒಂದೇ ಸಲ ಪೋಸ್ಟ್ ಮಾಡಬೇಡಿ, ವಾರಕ್ಕೆ ಒಂದಷ್ಟು ಅಂತ ಹಾಕುತ್ತಾ ಹೋಗಿ, ಅಧಿವೇಶನ ಮತ್ತೆ ಶುರುವಾಗುವ ದಿನದವರೆಗೂ.