ಡಬ್ಬಿ ಮತ್ತು ಹುಣಸೆ ಬೀಜ: ನನ್ನ ಅನುಭವ

ನಮ್ಮ ಅಂಗನವಾಡಿ ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಹಳ್ಳಿಯಲ್ಲಿದೆ. ಮಕ್ಕಳ ತೂಕ ನೋಡುವ ದಿನ ತಾಯಂದಿರದ್ದು ಒಂದೇ ಮಾತು: "ಅಕ್ಕಾ, ನನ್ನ ಮಗ ಏನೂ ತಿನ್ನಲ್ಲ." ನಿಮ್ಮ ಕೇಂದ್ರದಲ್ಲೂ ಇದೇ ಅಲ್ವಾ?

ಮಗು ತಿಂದದ್ದನ್ನೆಲ್ಲ ಬರೆದಿಡಿ ಅಂತ ಮೊದಲು ನೋಟ್‌ಬುಕ್ ಕೊಟ್ಟೆ. ದಂಡವಾಯಿತು. ನಾಟಿ ಹಂಗಾಮಿನಲ್ಲಿ ತಾಯಿ ಗದ್ದೆಗೆ ಹೋದರೆ ಬರುವುದು ಸಂಜೆಗೆ. ಮಗು ಅಜ್ಜಿ ಹತ್ತಿರ. ಬರೆಯುವವರು ಯಾರು? ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅಂದೆ. ಎಲ್ಲ ಫೋಟೋದಲ್ಲೂ ಅನ್ನ, ಬೇಳೆ, ಮೊಟ್ಟೆ. ತೂಕ ಮಾತ್ರ ಅಲ್ಲೇ ನಿಂತಿತ್ತು.

ಕೊನೆಗೆ ಗಂಗಾವತಿಯಿಂದ 12 ಸ್ಟೀಲ್ ಡಬ್ಬಿ ತಂದೆ. ಸುಮಾರು 700 ರೂಪಾಯಿ, ನನ್ನ ಕೈಯಿಂದಲೇ. ಒಂದು ದಿನ ಪೂರ್ತಿ, ಮಗು ತಿಂದಷ್ಟನ್ನೇ ಡಬ್ಬಿಗೂ ಹಾಕಬೇಕು. ಮೇಲಿನವರು "ಇದೆಲ್ಲ ಆಗೋ ಮಾತಲ್ಲ" ಅಂದರು. ಮೊದಲ ವಾರ ಅವರ ಮಾತೇ ನಿಜವಾಯಿತು. ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಅನ್ನ ಹಳಸಿತು. "ಅನ್ನ ಕೆಡಿಸ್ತೀರಾ?" ಅಂತ ಅಜ್ಜಿಯರು ಬೈದರು. ಅವರು ಬೈದದ್ದು ಸರಿಯೇ.

ಆಗ ಹೊಳೆದದ್ದು ಹುಣಸೆ ಬೀಜ. ಅನ್ನದ ಬದಲು, ಮಗು ತಿಂದ ಒಂದು ತುತ್ತಿಗೆ ಡಬ್ಬಿಗೆ ಒಂದು ಬೀಜ. ಚಹಾ ಕುಡಿದರೆ ಒಂದು ಕಡ್ಡಿ. ಪ್ಯಾಕೆಟ್ ತಿಂದರೆ ಖಾಲಿ ಕವರ್. ಬರೆಯೋದು ಬೇಡ, ಓದೋದು ಬೇಡ.

"ಏನೂ ತಿನ್ನದ" ಎರಡು ವರ್ಷದ ಹುಡುಗನ ಡಬ್ಬಿ ಸುರಿದೆವು. ಐದು ರೂಪಾಯಿಯ ಕವರ್ ಮೂರು, ಕಡ್ಡಿ ನಾಲ್ಕು, ಬೀಜ ಇಪ್ಪತ್ತರ ಆಸುಪಾಸು. ತಾಯಿ ತುಂಬಾ ಹೊತ್ತು ಸುಮ್ಮನೆ ಕೂತಳು. ತಟ್ಟೆ ಮುಂದೆ ಕೂತು ತಿಂದದ್ದು ಮಾತ್ರ ಅವಳ ಲೆಕ್ಕಕ್ಕೆ ಊಟ. ಅಜ್ಜಿ, ಮಾವ, ಅಂಗಡಿಯವನು ಕೊಟ್ಟದ್ದೆಲ್ಲ "ಸುಮ್ನೆ ಬಾಯಾಡ್ಸೋಕೆ". ದಿನಕ್ಕೆ 15 ರೂಪಾಯಿ ಅಂದರೆ ತಿಂಗಳಿಗೆ 450. ಅದಕ್ಕೆ ಅರವತ್ತು ಮೊಟ್ಟೆ ಬರುತ್ತವೆ ಅಂದೆ. ಬೈಯಲಿಲ್ಲ. ಬೈದರೆ ಮುಂದಿನ ಸಲ ಕವರ್ ಡಬ್ಬಿಗೆ ಬೀಳಲ್ಲ.

ಇನ್ನೊಂದು ಮಗು ದುಂಡಗಿತ್ತು. ತಾಯಿಗೆ ಚಿಂತೆಯೇ ಇರಲಿಲ್ಲ. ಡಬ್ಬಿಯಲ್ಲಿ ಬೀಜ ಆರೋ ಏಳೋ, ಉಳಿದದ್ದೆಲ್ಲ ಹಾಲಿನ ಬಾಟಲಿ ಲೆಕ್ಕ. ಪರೀಕ್ಷೆಗೆ ಕಳಿಸಿದರೆ ರಕ್ತ ಕಡಿಮೆ. ಬರೀ ಹಾಲಿನಲ್ಲಿ ಕಬ್ಬಿಣಾಂಶ ಎಲ್ಲಿಂದ ಬರಬೇಕು?

ನಿಜವಾಗಿ ಕಡಿಮೆ ತಿನ್ನುವ ಮಕ್ಕಳೂ ಇದ್ದರು. ವರ್ಷ ದಾಟಿದ ಮೇಲೆ ಬೆಳವಣಿಗೆ ನಿಧಾನವಾಗುತ್ತದೆ, ಎರಡನೇ ವರ್ಷ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಹಸಿವೂ ಇಳಿಯುತ್ತದೆ. ಬೆಳವಣಿಗೆ ಚಾರ್ಟ್‌ನಲ್ಲಿ ತೂಕದ ಗೆರೆ ತೋರಿಸಿದರೆ ಆ ತಾಯಂದಿರು ಬಾಯಿಗೆ ತುರುಕುವುದನ್ನು ಬಿಟ್ಟರು.

ಮಧ್ಯೆ ಜೋಳದ ರೊಟ್ಟಿ ಮುರಿದು, ಪುಂಡಿ ಪಲ್ಯದಲ್ಲಿ ಕಲಸಿ ಶೇಂಗಾ ಪುಡಿ ಉದುರಿಸಿ ನೋಡಿದೆ. ದೊಡ್ಡ ಮಕ್ಕಳು ತಿಂದರು, ಸಣ್ಣವರು ಹುಳಿಗೆ ಮುಖ ತಿರುಗಿಸಿದರು. ಹೆಸರುಬೇಳೆ ಜೊತೆ ಕೊಟ್ಟಾಗ ಪರವಾಗಿಲ್ಲ.

ನಾಲ್ಕು ತಿಂಗಳಲ್ಲಿ 12 ಮನೆಗಳ ಪೈಕಿ ಎಂಟೊಂಬತ್ತು ಮನೆಯಲ್ಲಿ ಊಟಕ್ಕೆ ಮುಂಚಿನ ಪ್ಯಾಕೆಟ್ ನಿಂತಿತು. ಏಳು ಮಕ್ಕಳ ತೂಕ ಮೇಲೆ ಹೋಯಿತು. ಆಗಲ್ಲ ಅಂದವರೇ ಈಗ ಪಕ್ಕದ ಎರಡು ಕೇಂದ್ರಗಳಿಗೆ ನನ್ನ ಡಬ್ಬಿ ಕೊಡಿಸಿದ್ದಾರೆ. ನನ್ನ ಹತ್ತಿರ ಐದು ಉಳಿದಿವೆ. ಮುಂದಿನ ತೂಕದ ದಿನಕ್ಕೆ ಇನ್ನೂ ನಾಲ್ಕು ತರಬೇಕು.